ಹಿತ್ತಲಿನ ದೀಪಕ್ಕೆ ಎಳೆದ ತಂತಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮರಿ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಟೈರ್ ಅಂಗಡಿಯ ಯಜಮಾನರು ಸಿಕ್ಕಿದ್ದರು. ನೀನು ಆಗಾಗ ಅಂಗಡಿಯ ಹಿಂದಿನ ನಲ್ಲಿಯಲ್ಲಿ ಮುಖ ತೊಳೆಯಲು ಬರುತ್ತೀಯಂತೆ, ಒಂದೇ ಸಮನೆ ಕೆಮ್ಮುತ್ತೀಯಂತೆ, ಮತ್ತೆ ಕೆಲಸಕ್ಕೆ ಬಾ ಎಂದರೆ ನಕ್ಕು ಜಾರಿಕೊಳ್ಳುತ್ತೀಯಂತೆ. ಈ ಪತ್ರವನ್ನು ಅವರ ಕೈಗೇ ಕೊಡುತ್ತೇನೆ. ನಿನ್ನ ಹತ್ತಿರ ಫೋನಿಲ್ಲ ಎಂಬುದು ಗೊತ್ತು. ಇದ್ದಿದ್ದರೂ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಬೆನ್ನು ನೋವು ಹೇಗಿದೆ ಎಂದು ಕೇಳಲೋ ಬೇಡವೋ ತಿಳಿಯುತ್ತಿಲ್ಲ. ಅಂದು ಅಂಗಡಿಯಲ್ಲಿ ಗಾಡಿ ಎತ್ತಿ ನಿಲ್ಲಿಸಿದ್ದ ಆ ಜಾಕು ಜಾರಿ ಚಕ್ರ ನಿನ್ನ ಬೆನ್ನಿಗೆ ಬಡಿಯದೆ ಹೋಗಿದ್ದರೆ ನೋವಿನ ಮಾತ್ರೆಯ ಹಂಗೇ ಇರುತ್ತಿರಲಿಲ್ಲ. ನೋವು ಹೋದ ಮೇಲೂ ಮಾತ್ರೆ ನಿನ್ನನ್ನು ಬಿಡಲಿಲ್ಲ. ನಿನ್ನಮ್ಮ ಈಗಲೂ ಪಾತ್ರೆ ತೊಳೆಯುತ್ತಾ ಆ ಜಾಕಿಗೇ ಹಿಡಿಶಾಪ ಹಾಕುತ್ತಾಳೆ. ನಿನ್ನನ್ನು ಒಂದು ಮಾತು ಅಂದಿದ್ದನ್ನು ನಾನು ಕೇಳಿಲ್ಲ.

ಅವಳ ಕೈಯ ಪ್ಲಾಸ್ಟರ್ ಬಿಚ್ಚಿದ್ದಾರೆ. ತಲೆ ತಾನೇ ಬಾಚಿಕೊಳ್ಳುತ್ತಾಳೆ, ತುಂಬಿದ ಬಕೆಟ್ ಎತ್ತಲು ಮಾತ್ರ ಇನ್ನೂ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, "ಬಚ್ಚಲಲ್ಲಿ ಕಾಲು ಜಾರ್ತು" ಅಂದಳು. ನಾನೂ ಹೌದೆಂದು ತಲೆಯಾಡಿಸಿದೆ. ಅಂದು ಮಾತ್ರೆಯ ದುಡ್ಡಿಗೆಂದು ಅವಳ ಹೊಲಿಗೆ ಮಿಷಿನ್ ಎತ್ತಿಕೊಂಡು ಕತ್ತಲಲ್ಲಿ ಹೊರಟವನಿಗೆ ಅಡ್ಡ ಬಂದವರು ಯಾರೆಂದು ನಿನಗೆ ಗೊತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ನಂಬದೆ ಬೇರೆ ದಾರಿಯಾದರೂ ಏನಿದೆ ನನಗೆ? ನೀನು ತಳ್ಳಿದೆ, ಅವಳು ಬಿದ್ದಳು, ನೀನು ಹೋದೆ. ಅಂದಿನಿಂದ ಹೊತ್ತು ಮುಳುಗಿದರೆ ಸಾಕು, ಅಡುಗೆಮನೆಯ ಹಿಂಬಾಗಿಲಿಗೆ ಕುರ್ಚಿ ಒರಗಿಸಿ ಇಡಲು ಶುರು ಮಾಡಿದಳು. ಹಿತ್ತಲಲ್ಲಿ ಎಲೆ ಅಲುಗಿದರೂ "ರೀ" ಎಂದು ಕರೆಯುತ್ತಿದ್ದಳು. ಯಾರ ಭಯ ಎಂದು ಮಾತ್ರ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೆತ್ತ ಮಗನ ಭಯ ಎಂದು ಯಾವ ತಾಯಿಯ ಬಾಯಲ್ಲಿ ಬರುತ್ತದೆ ಹೇಳು.

ಕಂಡವರ ಮನೆಗೆಲ್ಲ ಅಲಾರಂ ಹಾಕುವವನ ಮನೆಯಲ್ಲಿ ಒಂದು ಚಿಲಕವೂ ನೆಟ್ಟಗಿಲ್ಲ ಎಂದು ನೀನು ನಗುತ್ತಿದ್ದೆಯಲ್ಲ, ದೀಪದ ಬುಡದಲ್ಲಿ ಕತ್ತಲೆ ಅಂತ. ಕೊನೆಗೂ ನಮ್ಮ ಮನೆಗೆ ಅಲಾರಂ ಬಂತು. ಬಾಗಿಲು ಕಿಟಕಿಗೆ ಹಾಕಿದರಷ್ಟೇ ಸಾಲದು ಎನಿಸಿ, ಹಿತ್ತಲಿನ ದೀಪಗಳನ್ನೂ ಅದಕ್ಕೇ ಸೇರಿಸಿದೆ. ಯಾರಾದರೂ ಗೋಡೆ ದಾಟಿ ಕಾಲಿಟ್ಟರೆ ದೀಪಗಳೆಲ್ಲ ಒಟ್ಟಿಗೆ ಹತ್ತಿ, ಸೈರನ್ ಕೂಗಬೇಕು. ನಾನು ರಿಮೋಟ್ ಒತ್ತುವವರೆಗೆ ಎರಡೂ ನಿಲ್ಲಬಾರದು. ಅಲಾರಂ ಪೆಟ್ಟಿಗೆಯಿಂದ ಬರುವುದು ಪುಟ್ಟ ಕರೆಂಟು, ದೀಪಕ್ಕೆ ಬೇಕಾದದ್ದು ದೊಡ್ಡದು. ನೇರವಾಗಿ ಕೂಡಿಸಿದರೆ ಸುಟ್ಟುಹೋಗುತ್ತದೆ, ಪುಟ್ಟದರ ಮಾತು ಕೇಳಿ ದೊಡ್ಡದನ್ನು ಹತ್ತಿಸುವ ಒಂದು ರಿಲೇ ನಡುವೆ ಬೇಕೇ ಬೇಕು. ನಮ್ಮಿಬ್ಬರ ಜಗಳದ ನಡುವೆ ನಿನ್ನಮ್ಮ ಇರಲಿಲ್ಲವೇ, ಹಾಗೆ. ಇದನ್ನೆಲ್ಲ ನಿನಗೆ ವಿವರಿಸುವುದೇ ತಮಾಷೆ, ನಾನೇ ಕಲಿಸಿದ ವಿದ್ಯೆ. ಎಷ್ಟೋ ಮನೆಗಳಿಗೆ ತಂತಿ ಎಳೆದಿದ್ದೇನೆ ಮರಿ, ಎಲ್ಲ ಕಡೆಯೂ ಮುಖ ಕಾಣದ ಕಳ್ಳನಿಗಾಗಿ. ಇಲ್ಲಿ ಮಾತ್ರ, ಇವನು ಎಲ್ಲಿ ಕೈ ಹಾಕುತ್ತಾನೆ, ಯಾವ ತಂತಿ ಕಂಡರೆ ಕತ್ತರಿಸುತ್ತಾನೆ ಎಂದು ನಿನ್ನ ಬುದ್ಧಿಯಲ್ಲೇ ಯೋಚಿಸಿ ಯೋಚಿಸಿ ಪೆಟ್ಟಿಗೆ ಬಚ್ಚಿಡಬೇಕಾಯಿತು. ಅಟ್ಟದಲ್ಲಿ ಬಗ್ಗಿ ಸ್ಕ್ರೂ ಬಿಗಿಯುತ್ತಿದ್ದಾಗ ನಿನ್ನಮ್ಮ ಏಣಿಯ ಮೇಲೆ ಟಾರ್ಚ್ ಹಿಡಿದು ನಿಂತಿದ್ದಳು. "ಇದೆಲ್ಲ ಯಾರಿಗೋಸ್ಕರ?" ಅಂದಳು. "ಕಳ್ಳರಿಗೆ" ಅಂದೆ. ಟಾರ್ಚ್ ಆರಿಸಿ ಕೆಳಗಿಳಿದುಬಿಟ್ಟಳು. ಉಳಿದ ಕೆಲಸವನ್ನು ತಡಕಾಡಿಯೇ ಮುಗಿಸಿದೆ.

ಇನ್ನು ಮೊನ್ನೆ ಗುರುವಾರದ ವಿಷಯ. ಅದು ನಿನಗೂ ಗೊತ್ತು, ಆದರೆ ಮನೆಯೊಳಗಿನದು ಗೊತ್ತಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಗಷ್ಟೇ ಮಬ್ಬುಗತ್ತಲಾಗಿತ್ತು. ನಾನು ಕಾಫಿ ಲೋಟ ತೊಳೆಯುತ್ತಿದ್ದೆ. ಫಕ್ಕನೆ ಹಿತ್ತಲು ಹಗಲಾಯಿತು, ಸೈರನ್ ಕಿವಿ ಹರಿಯುವಂತೆ ಕೂಗಿತು. ಬಟ್ಟೆ ಒಣಹಾಕುವ ಹಗ್ಗದ ಪಕ್ಕ ನೀನು ಕಣ್ಣಿಗೆ ತೋಳು ಅಡ್ಡ ಹಿಡಿದು ನಿಂತಿದ್ದೆ. ಅಂಗಿ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಕೈಯಲ್ಲಿ ಏನೂ ಇರಲಿಲ್ಲ. ರಿಮೋಟ್ ನನ್ನ ಜೇಬಿನಲ್ಲೇ ಇತ್ತು. ಒದ್ದೆ ಕೈಗೆ ಬಟನ್ ಸಿಕ್ಕುವಷ್ಟರಲ್ಲಿ ನೀನು ಗೋಡೆ ಹಾರಿಯಾಗಿತ್ತು. ಅಕ್ಕಪಕ್ಕದವರೆಲ್ಲ ಓಡಿ ಬಂದರು. ಪಕ್ಕದ ಮನೆಯ ಟೈಲರ್ ಅಂತೂ ಬಟ್ಟೆ ಅಳೆಯುವ ಕೋಲನ್ನೇ ಕತ್ತಿಯಂತೆ ಹಿಡಿದು ಬಂದಿದ್ದ, ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. "ಬೆಕ್ಕು, ಬೆಕ್ಕು" ಅಂದೆ. ಎಲ್ಲರೂ ಗೊಣಗುತ್ತಾ ಹೋದರು. ಅವನೊಬ್ಬ ಉಳಿದ. ಗೋಡೆಯ ಬುಡದಿಂದ ನಿನ್ನ ಒಂಟಿ ಚಪ್ಪಲಿ ಎತ್ತಿ, ಧೂಳು ಕೊಡವಿ, ನಮ್ಮ ಮೆಟ್ಟಿಲ ಮೇಲಿಟ್ಟ. "ಬೆಕ್ಕಿನ ಚಪ್ಪಲಿ ಬಿಟ್ಟೋಗಿದೆ, ಒಳಗಿಡಿ" ಅಂದ. ಆ ಮನುಷ್ಯನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ನಿನ್ನಮ್ಮ ಹಿಂಬಾಗಿಲ ಹೊಸ್ತಿಲಲ್ಲೇ ಕೂತಿದ್ದಳು. ಬೈಯುತ್ತಾಳೇನೋ, ಅಳುತ್ತಾಳೇನೋ ಅಂದುಕೊಂಡೆ. "ಎಷ್ಟು ಬಡವಾಗಿದಾನೆ, ನೋಡಿದ್ರಾ?" ಅಂದಳು. ಆಮೇಲೆ, "ಇಷ್ಟು ದಿನ ಕತ್ತಲಲ್ಲಿ ಬಂದು ಕತ್ತಲಲ್ಲೇ ಹೋಗ್ತಿದ್ದ, ಮುಖಾನೇ ಕಂಡಿರಲಿಲ್ಲ. ಬೆಳಕು ಇರಲಿ ಕಣ್ರೀ. ಆ ಕೂಗೋದನ್ನ ಕಿತ್ತಾಕಿ" ಅಂದಳು. ನಾನು ಆಗಲ್ಲ ಅಂದೆ. ಈ ಸಲ ಕೈ ಮುರಿಯಿತು, ಮುಂದಿನ ಸಲ ತಲೆ ಒಡೆದರೆ ಯಾರು ಹೊಣೆ ಎಂದೆ. "ಅವನು ನನ್ನ ನೋಡಕ್ಕೇ ಬಂದಿದ್ದ" ಅನ್ನುವುದು ಅವಳ ಹಟ. ನೀನು ಯಾಕೆ ಬಂದಿದ್ದೆಯೋ ನನಗೆ ಗೊತ್ತಿಲ್ಲ ಮರಿ, ಸುಳ್ಳು ಯಾಕೆ ಹೇಳಲಿ. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟು ಒಲೆಯ ಜೊತೆ ಮಾತಾಡುತ್ತಾಳೆ, ನಾನು ಅಲ್ಲಿಂದ ಕೇಳಿಸಿಕೊಳ್ಳಬೇಕು. ವಿಚಿತ್ರ ಏನು ಗೊತ್ತೇ? ಬಾಗಿಲಿಗೆ ಕುರ್ಚಿ ಒರಗಿಸುವುದನ್ನು ಬಿಟ್ಟಿದ್ದಾಳೆ. ಅವಳ ಭಯ ಎಲ್ಲಿ ಹೋಯಿತೋ, ಅದೆಲ್ಲ ಈಗ ನನ್ನ ಪಾಲಿಗೆ ಬಂದಿದೆ.

ನನ್ನ ಮಾತು ಇಷ್ಟೇ. ನೀನು ನೆಟ್ಟಗಾಗುವವರೆಗೆ ಸೈರನ್ ಇರುತ್ತದೆ. ಹಗಲಲ್ಲಿ, ಮುಂಬಾಗಿಲಿನಿಂದ ಬಾ. ದೊಡ್ಡಾಸ್ಪತ್ರೆಯಲ್ಲಿ ಈ ಚಟ ಬಿಡಿಸುವ ಡಾಕ್ಟರ್ ಒಬ್ಬರಿದ್ದಾರೆ, ಹೋಗಿ ಮಾತಾಡಿ ಬಂದಿದ್ದೇನೆ. ಒಳ್ಳೆಯ ಹೆಂಗಸು, ಬೈಯುವುದಿಲ್ಲ. "ಅವರಾಗೇ ಬರಬೇಕು, ಎಳೆದು ತಂದ್ರೆ ನಿಲ್ಲಲ್ಲ" ಅಂದರು. ನೀನು ಹೂಂ ಅಂದರೆ ನಾನೇ ಜೊತೆಗೆ ಬರುತ್ತೇನೆ, ಕೆಲಸಕ್ಕೆ ರಜೆ ಹಾಕುತ್ತೇನೆ. ಕಳ್ಳನ ಹಾಗೆ ಬಂದರೆ ಮಾತ್ರ ಕಳ್ಳನಿಗೆ ಆಗುವುದೇ ಆಗುತ್ತದೆ. ಅಪ್ಪನಾಗಿ ಬರೆಯುವ ಮಾತಲ್ಲ, ಆದರೂ ಬರೆದಿದ್ದೇನೆ.

ಸಿಕ್ಕಿದ್ದನ್ನು ಹೊಟ್ಟೆ ತುಂಬ ತಿನ್ನು. ಮಲಗುವ ಕಡೆ ಬೆಚ್ಚಗಿರು. ಎಲ್ಲಿದ್ದರೂ ನಿನಗೆ ಕೇಡಾಗದಿರಲಿ. ನಮ್ಮಿಬ್ಬರ ಆಶೀರ್ವಾದದಲ್ಲಿ ಈಗ ಇದಕ್ಕಿಂತ ದೊಡ್ಡದೇನೂ ಉಳಿದಿಲ್ಲ.

ನಿನ್ನ
ಅಪ್ಪ

ಇನ್ನೊಂದು ಮಾತು: ಲಕೋಟೆ ಅಂಟಿಸಿದ್ದವನು ಹರಿದು ಮತ್ತೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ. ಈಗ ಸಂಜೆ ಗಾಳಿಗೆ ಹಗ್ಗದ ಮೇಲಿದ್ದ ಬೆಡ್‌ಶೀಟ್ ಹಾರಿ ದೀಪ ಹತ್ತಿತು, ಸೈರನ್ ಕೂಗಿತು. ನಾನು ಹೋಗುವಷ್ಟರಲ್ಲಿ ನಿನ್ನಮ್ಮ ಬರಿಗಾಲಲ್ಲಿ ಹಿತ್ತಲಿನ ಮಧ್ಯೆ ನಿಂತು, ಸೈರನ್ನಿಗಿಂತ ಜೋರಾಗಿ "ಓಡಬೇಡ್ವೋ, ಓಡಬೇಡ್ವೋ" ಎಂದು ಕೂಗುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಏಣಿ ಹಾಕಿ ಸೈರನ್ನಿನ ತಂತಿ ಕಿತ್ತುಬಿಟ್ಟೆ. ದೀಪದ್ದು ಹಾಗೇ ಇದೆ. ಮೇಲೆ ಬರೆದದ್ದನ್ನು ಬಿಡು, ಯಾವ ಹೊತ್ತಿಗಾದರೂ ಬಾ, ಯಾವ ಬಾಗಿಲಿಗಾದರೂ ಬಾ. ದೀಪ ಹತ್ತುತ್ತದೆ, ಕಣ್ಣು ಕುಕ್ಕುತ್ತದೆ, ಹೆದರಬೇಡ. ನಾವು ಬಾಗಿಲು ತೆಗೆಯುವವರೆಗೆ ಬೆಳಕಲ್ಲೇ ನಿಂತಿರು.