ಐದು ಸಲ ಹರಾಜಾದ ಕೇಕ್

ವಿದ್ಯಾನಗರ, ಹುಬ್ಬಳ್ಳಿ
೬ ಆಗಸ್ಟ್ ೨೦೨೫

ಪ್ರೀತಿಯ ಅವ್ವಾ,

ನೀನು, ಸ್ಟೆಲ್ಲಾ ಅಕ್ಕ, ಅವಳ ಕೂಸು ಗದಗಿನಲ್ಲಿ ಆರಾಮಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈಯಲು ಶುರು ಮಾಡುತ್ತೀ. ಕಾಗದವಾದರೆ ಪೂರ್ತಿ ಓದಲೇಬೇಕು.

ನನ್ನ ಬೇಕರಿಗೆ ತೆರಿಗೆ ಇಲಾಖೆಯ ನೋಟಿಸ್ ಬಂದಿತ್ತು. ಹೋದ ವರ್ಷ ನನ್ನ ಸ್ಕ್ಯಾನರಿಗೆ ನಲವತ್ತೆರಡು ಲಕ್ಷ ಅರವತ್ತು ಸಾವಿರ ಬಂದಿದೆಯಂತೆ. ನಲವತ್ತು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ನಾನು ಮಾಡಿಸಿಲ್ಲ. ಹಾಗಾಗಿ ತೆರಿಗೆ, ಬಡ್ಡಿ, ದಂಡ. ಎಲ್ಲ ಕಟ್ಟಿದ್ದರೆ ಓವನ್ ಮಾರಿ, ಕೂಸು ಆಡಿಸಲು ನಾನೂ ಗದಗಿಗೆ ಬರಬೇಕಾಗುತ್ತಿತ್ತು. ಐದು ರೂಪಾಯಿ ಟೋಸ್ಟಿಗೂ ಜನ ಮೊಬೈಲ್ ಹಿಡಿಯುತ್ತಾರೆ ನಿಜ, ಆದರೂ ಅಷ್ಟು ವ್ಯಾಪಾರ ನನ್ನದಲ್ಲ.

ಹುಡುಕುತ್ತಾ ಹೋದರೆ ಸಿಕ್ಕಿದ್ದು ನಿನ್ನ ಕೆಲಸ. ಚರ್ಚಿನ ಸುಗ್ಗಿ ಹಬ್ಬದ ಹರಾಜಿನ ದಿನ ನಮ್ಮ ಸಭೆಯ ಸ್ಕ್ಯಾನರ್ ಕೆಟ್ಟಾಗ, ನೀನು ದೊಡ್ಡಸ್ತಿಕೆಯಿಂದ ನನ್ನದನ್ನು ತರಿಸಿ ಮೇಜಿನ ಮೇಲಿಟ್ಟೆ. ಕುಂಬಳಕಾಯಿ, ಹುಂಜ, ಜೋಳದ ಚೀಲ ಎಲ್ಲದರ ಹಣ, ಮೂರು ಲಕ್ಷ ಹತ್ತು ಸಾವಿರ, ನನ್ನ ಖಾತೆಗೆ ಬಂತು. ಮರುದಿನವೇ ಸಭೆಗೆ ಕಳಿಸಿದ್ದೆ. ಇಲಾಖೆಯವರಿಗೆ ಬಂದದ್ದು ಮಾತ್ರ ಕಂಡಿತ್ತು.

ಕಚೇರಿಯಲ್ಲಿ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಹರಾಜು ಹಿಡಿದವರು ವಸ್ತುವನ್ನು ಸಭೆಗೇ ಮರಳಿಸುತ್ತಾರೆ, ಮೊದಲು ತಂದುಕೊಟ್ಟವರ ಹೆಸರು ಕೂಗಿ ಅದನ್ನೇ ಮತ್ತೆ ಹರಾಜಿಗಿಡುತ್ತಾರೆ ಎಂದೆ. ಹಾಗಾದರೆ ಒಂದು ಹುಂಜಕ್ಕೆ ಎಷ್ಟು ಬಿಲ್ಲು ಎಂದು ಅಧಿಕಾರಿ ಕೇಳಿದರು. ಸಭಾಪಾಲಕರ ಪತ್ರ, ರಸೀದಿ ಎಲ್ಲ ಒಪ್ಪಿದರೂ ಒಂದು ಕಡೆ ಅವರ ಪೆನ್ನು ನಿಂತಿತು. ಹರಾಜಿಗೆ ನಾನು ಕೊಟ್ಟಿದ್ದ ಕೇಕನ್ನು ಒಬ್ಬನೇ ಐದು ಸಲ, ಸಲಕ್ಕೆ ನಾಲ್ಕು ಸಾವಿರದಂತೆ ಹಿಡಿದಿದ್ದ. ಐದೂ ಸಲ ಹಣದ ಜೊತೆ ‘ಈವ್ಲಿನ್ ಕೇಕಿಗೆ’ ಎಂದು ಬರೆದಿದ್ದ. ಇದು ಕಾಣಿಕೆಯೋ ವ್ಯಾಪಾರವೋ, ಕೊಟ್ಟವರೇ ಬಂದು ಹೇಳಲಿ ಎಂದರು.

ಕೊಟ್ಟವನು ಸ್ಯಾಮ್ಸನ್. ಕಮರಿಪೇಟೆಯಲ್ಲಿ ಮಿಕ್ಸರ್ ರಿಪೇರಿ ಅಂಗಡಿ ಇಟ್ಟವನು. ಸರಕಾರಿ ನೌಕರಿ ಇಲ್ಲದವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಈಸ್ಟರ್ ಮುಗಿದ ವಾರ ನೀನು ಚಹಾ ಕುಡಿಸಿ ಕಳಿಸಿದ್ದೆಯಲ್ಲ, ಅವನೇ. ಪಾಪ, ಅಂಗಡಿ ಮುಚ್ಚಿ ಬಂದ. ಕೇಕ್ ಅಷ್ಟು ರುಚಿಯಿತ್ತೇ ಎಂದು ಅಧಿಕಾರಿ ಕೇಳಿದರು. ಅವನು ನೆಲ ನೋಡುತ್ತಾ ಹೇಳಿದ:

“ತಿಂದಿಲ್ರಿ ಸರ್. ಐದೂ ಸಲ ವಾಪಸ್ ಕೊಟ್ಟೇನ್ರಿ. ಅಕಿ ಹೆಸರು ಮೈಕಿನ್ಯಾಗ ಇನ್ನೊಮ್ಮಿ ಕೇಳಬೇಕಂತ ಹಿಡದೆ.”

ಅಧಿಕಾರಿ ಕೆಮ್ಮಿ, ‘ಕಾಣಿಕೆ’ ಎಂದು ಬರೆದುಕೊಂಡರು. ಇಪ್ಪತ್ತು ಸಾವಿರ ಅಂದರೆ ಅವನ ಒಂದು ತಿಂಗಳ ದುಡಿಮೆ ಅವ್ವಾ. ನನಗೆ ಅಳು ಬಂತು. ದಂಡಕ್ಕೆ ಹೆದರಿ ಅಳುತ್ತಿದ್ದಾಳೆಂದು ಗುಮಾಸ್ತೆ ಮೈಲಾರಪ್ಪನವರು ನೀರು ತಂದುಕೊಟ್ಟರು.

ನೋಟಿಸ್ ಕೈಬಿಟ್ಟರು. ಈ ವರ್ಷ ಹೇಗೂ ನಲವತ್ತು ದಾಟುತ್ತದೆ, ನೋಂದಣಿ ಮಾಡಿಸಿಬಿಡಿ ಎಂದರು. ಅಂಗಡಿಯ ಜಾಗ ನಿನ್ನ ಹೆಸರಿನಲ್ಲಿರುವುದರಿಂದ ನಿನ್ನ ಒಪ್ಪಿಗೆ ಪತ್ರ ಬೇಕು. ಇದರೊಡನೆ ಇಟ್ಟಿದ್ದೇನೆ, ಸಹಿ ಹಾಕಿ ಕಳಿಸು.

ನಿನ್ನ ಬೈಗುಳಕ್ಕೆ ಕಾದಿರುವ ಮಗಳು,
ಈವ್ಲಿನ್

ತಾ.ಕ.: ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ. ಅದು ಸಭಾಪಾಲಕರು ಕೊಟ್ಟದ್ದು. ಮೂರು ಭಾನುವಾರ ಚರ್ಚಿನಲ್ಲಿ ಸ್ಯಾಮ್ಸನ್ನನದೂ ನನ್ನದೂ ಮದುವೆ ಪ್ರಕಟಣೆ ಓದಲು. ನಾವಿಬ್ಬರೂ ಸಹಿ ಮಾಡಿದ್ದೇವೆ. ನನಗೆ ಇಪ್ಪತ್ತೇಳಾಯಿತು, ಅವ್ವನನ್ನು ಕೇಳು ಎಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ನೀನು ಹೂಂ ಅನ್ನದೆ ಆ ಕಾಗದ ಮರಳಿಸಲು ನನ್ನ ಕೈ ಬರುವುದಿಲ್ಲ. ಅಂಗಡಿಯದು ತಡವಾದರೂ ನಡೆದೀತು, ಇದನ್ನು ಮೊದಲು ಕಳಿಸು.