ನನ್ನ ಭುಜ, ನಿನ್ನ ಕೈ

ಬೋಡೋ, ನಾರ್ವೆ, ಅಕ್ಟೋಬರ್ ೧೪

ಓಲೆಸುಂದ್ ಪಟ್ಟಣದ ಸಮಸ್ತ ಮೊಣಕಾಲುಗಳ ಒಡೆಯ, ಭುಜಗಳ ಭಾಗ್ಯವಿಧಾತ ಐವಿಂದನಿಗೆ, ಇನ್ನೂ ಹೆಸರಿಗೆ ಹೆಂಡತಿಯಾಗಿರುವ ತೊರಿಲ್ ಬರೆಯುವುದು.

ಮನೆಗೆ ಬಾ ಎಂದಿದ್ದೀಯ. "ನಾನಿಲ್ಲದೆ ನಿನ್ನ ಭುಜವನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದ್ದೀಯ. ನೋಡಿಕೊಂಡವರ ಕಥೆ ಹೇಳುತ್ತೇನೆ, ಕೂತು ಕೇಳು.

ನಿನ್ನ ಕೈಗುಣವನ್ನು ಅಲ್ಲಗಳೆಯುವುದಿಲ್ಲ. ಆ ಮಡಚುವ ಮೇಜಿನ ಮೇಲೆ ಮಲಗಿಸಿ, ಹೆಬ್ಬೆರಳೂರಿ, ಕೀಲನ್ನು ಮೆಲ್ಲಗೆ ಜಗ್ಗಿದರೆ ಸಾಕು, ನೋವೆಂಬ ಮಹಾರಾಯ ಕಿರೀಟ ಕಳಚಿ ರಂಗದಿಂದ ಇಳಿದುಹೋಗುತ್ತಿದ್ದ. ಎರಡು ದಿನಕ್ಕೆ ಮತ್ತೆ ಪ್ರವೇಶ. ಆಗೆಲ್ಲ ನಿನ್ನದು ಒಂದೇ ಮಾತು: "ಕೈ ಎತ್ತಬೇಡ ಕಣೆ, ನಾನಿದ್ದೀನಲ್ಲ." ಆ ಮಾತಿಗೆ ಕರಗಿ ದೋಣಿಯ ಹುಟ್ಟು ಹಾಕುವುದನ್ನೇ ಬಿಟ್ಟೆ. ಅಪ್ಪನ ದೋಣಿಯನ್ನು ನೀನು ಮಾರಿದಾಗಲೂ, ನನ್ನ ಒಳ್ಳೆಯದಕ್ಕೇ ಎಂದು ನಿನಗೆ ಮುತ್ತಿಟ್ಟೆ.

ವಸಂತದಲ್ಲಿ ಅಕ್ಕನ ಆರೈಕೆಗೆ ಇಲ್ಲಿಗೆ ಬಂದೆನಲ್ಲ, ಬಂದ ವಾರವೇ ಭುಜ ಕಲ್ಲಾಯಿತು. ಸುನ್ನಿವಾ ಎಂಬ ಹುಡುಗಿಯ ಬಳಿ ಹೋದೆ, ನಿನ್ನಂತೆಯೇ ಫಿಸಿಯೋಥೆರಪಿಸ್ಟ್. ನಿನ್ನಂತೆಯೇ ಒತ್ತಿದಳು, ಜಗ್ಗಿದಳು. ನಾನಿನ್ನೂ ಕಣ್ಣು ಮುಚ್ಚಿರುವಾಗಲೇ ಬೆನ್ನು ತಟ್ಟಿ ಎಬ್ಬಿಸಿದಳು.

"ನಿದ್ದೆ ಮಾಡೋಕೆ ಬಂದ್ರಾ? ಏಳಿ, ಕೀಲು ಸಡಿಲ ಇರೋವಾಗಲೇ ಕೈ ಎತ್ತಿ. ನನ್ನ ಕೈ ಮಾಡೋದು ಅರ್ಧ ಕೆಲಸ. ಮಿಕ್ಕಿದ್ದು ನಿಮ್ಮದೇ."

ಎತ್ತಬಾರದಂತೆ ಎಂದೆ.

"ಯಾರು ಹೇಳಿದ್ದು? ಈ ಭುಜಕ್ಕೆ ದೊಡ್ಡ ರೋಗ ಏನಿಲ್ಲ ಕಣ್ರೀ, ಕೆಲಸ ಮರೆತಿದೆ. ಯಾರೋ ಮುದ್ದು ಮಾಡಿ ಕೆಡಿಸಿದ್ದಾರೆ."

ನನ್ನ ಗಂಡ, ಅವನದೂ ಇದೇ ಕಸುಬು ಎಂದೆ. ಅವಳ ನಗು ಅಲ್ಲೇ ನಿಂತಿತು. ಕೈ ತೊಳೆಯಲು ಹೋದಳು.

ಊರಿನ ರೋಗಿಗಳಿಗೆಲ್ಲ ನೀನು ಮೊದಲ ದಿನವೇ ವ್ಯಾಯಾಮ ಕಲಿಸುತ್ತಿದ್ದೆ ಐವಿಂದ್; ಪಕ್ಕದ ಕೋಣೆಯಿಂದ ನಾನೇ ಕೇಳಿದ್ದೇನೆ. ಹೆಂಡತಿಗೆ ಮಾತ್ರ ಏಕೆ ಕಲಿಸಲಿಲ್ಲ? ಗುಣವಾದರೆ ಮೇಜಿನಿಂದ ಎದ್ದು ನಡೆದಾಳು ಎಂದೇ?

ನಡೆದಿದ್ದೇನೆ. ಬೇಸಿಗೆಯೆಲ್ಲ ಅಕ್ಕನ ದೋಣಿಯಲ್ಲಿ ಹುಟ್ಟು ಹಾಕಿದೆ. ಈಗಲೂ ನೋಯುತ್ತದೆ, ಆದರೆ ಕೈ ಮೇಲೇಳುತ್ತದೆ. ನಾನು ಬರುವುದಿಲ್ಲ.

ನಿನ್ನ ಹಳೆಯ ರೋಗಿ,
ತೊರಿಲ್

ಮರೆತಿದ್ದೆ: ನಿನ್ನ ಎದುರುಮನೆಯ ಗುನ್ವೋರ್ ಫೋನ್ ಮಾಡಿದ್ದಳು. ಗಂಡ ಸತ್ತ ಮೇಲೆ ಅವಳ ಸೊಂಟ ಹಿಡಿದುಕೊಂಡಿದೆಯಂತೆ, ಸಂಜೆ ಹೊತ್ತು ನೀನೇ ನೋಡುತ್ತೀಯಂತೆ. "ಎಷ್ಟು ಒಳ್ಳೆಯವನೇ ನಿನ್ನ ಗಂಡ. ಮೆಟ್ಟಿಲು ಹತ್ತಬೇಡ, ನಾನಿದ್ದೀನಲ್ಲ ಅಂದ." ಸುನ್ನಿವಾಳನ್ನು ಕೇಳಿ ಸೊಂಟದ ವ್ಯಾಯಾಮಗಳನ್ನು ಫೋನಿನಲ್ಲೇ ಗುನ್ವೋರಳಿಗೆ ಹೇಳಿಕೊಟ್ಟಿದ್ದೇನೆ. ಆಗಲೇ ಮೆಟ್ಟಿಲು ಹತ್ತುತ್ತಿದ್ದಾಳೆ. ಮೇಜು ಮಡಚಿಡು.