ಜೋಡಿ ಅಂತ ತಂದ ಎರಡು ಇಲಿ

ರಾಯಚೂರು
ಗುರುವಾರ, ಇನ್ನೂ ಬೆಳಗಾಗಿಲ್ಲ

ಮಾನ್ವಿಯ ಅಕ್ಕಿ ಗಿರಣಿ ಮಾಲೀಕರಾದ ಬಸವಪ್ರಸಾದ ಅವರಿಗೆ, ಅವರ ಹೆಂಡತಿ ಸ್ವಪ್ನಾಳ ನಮಸ್ಕಾರ.

ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಎಚ್ಚರಾಯಿತು. ಟಪ ಟಪ ಟಪ, ತಗಡಿನ ಮೇಲೆ ಬೆರಳು ಬಡಿದಂಥ ಸಪ್ಪಳ. ಮೊದಲು ತೊಟ್ಟಿಲಿಗೆ ಓಡಿ ಕೂಸಿನ ಎದೆಗೆ ಕಿವಿ ಇಟ್ಟೆ. ಸಪ್ಪಳ ಅದರದಲ್ಲ. ಕೂಸಿಗೆ ಅಂತ ನೀವು ಹೈದರಾಬಾದಿನಿಂದ ತಂದುಕೊಟ್ಟ ಇಲಿಗಳ ಗೂಡು. ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆದು ಫೋಟೋ ಕಳಿಸಾಕತ್ತೀನಿ.

ಅಂಗಡಿಯವನು ಜೋಡಿ ಅಂದ, ನೀವು ನಂಬಿದಿರಿ. ಎರಡೂ ಹಿಂಗಾಲ ಮೇಲೆ ಜಿಗಿಯುತ್ತವೆ, ಎರಡಕ್ಕೂ ಬಾಲದ ತುದಿಗೆ ಕುಚ್ಚು. ಗಿರಣಿಯವರಿಗೆ ಅಷ್ಟು ಸಾಕು. ನಾನು ಓದಿದ ಪ್ರಾಣಿಶಾಸ್ತ್ರ ರೊಟ್ಟಿ ಬಡಿಯಾಕ ಬರೂದಿಲ್ಲ ಅಂದಿದ್ದರು ನಿಮ್ಮ ಅವ್ವ. ಬೇರೆಯದಕ್ಕೆ ಬಂತು ನೋಡ್ರಿ. ಉದ್ದ ಕಿವಿಯದು ಜರ್ಬೋವಾ, ಅರಬ್ಬರ ಮರಳುಗಾಡಿನದು. ಗಿಡ್ಡ ಕಿವಿಯದು ಕಾಂಗರೂ ಇಲಿ, ಅಮೆರಿಕದ್ದು. ಇದರ ಕೆನ್ನೆಗೆ ಹೊರಗಡೆಯೇ ಎರಡು ಚೀಲ, ಸಿಕ್ಕ ಕಾಳೆಲ್ಲ ತುಂಬಿಕೊಂಡು ಹೋಗಿ ಬಚ್ಚಿಡುತ್ತದೆ. ನಿಮ್ಮ ಮನೆಯಲ್ಲಿ ಸುಖವಾಗಿದ್ದೀತು. ಇನ್ನೊಂದು ಜೀವ ತನ್ನ ಜಾಗಕ್ಕೆ ಬಂದರೆ ಕಾಲು ಬಡಿದು ಹೆದರಿಸುತ್ತದೆ, ಹೋಗದಿದ್ದರೆ ಕಚ್ಚುತ್ತದೆ. ಜರ್ಬೋವಾಕ್ಕೆ ಆ ಚೀಲವಿಲ್ಲ. ನೀವು ಹಾಸಿಕೊಟ್ಟ ಗಿರಣಿಯ ಹೊಟ್ಟಿನ ಧೂಳಿಗೆ ಅದು ಸೀನಿ ಸೀನಿ ಸೋತಿತ್ತು. ನಾನು ಮರಳು ತರಿಸಿ ಹಾಕಿದೆ, ಬೇರೆ ಗೂಡು ಮಾಡಿದೆ.

ದೇವದುರ್ಗದ ನಿಮ್ಮ ಸೋದರಮಾವ ಹಂಪಣ್ಣನವರು ಅದನ್ನು ನೋಡಿ ನಕ್ಕರು. "ಒಂದ ಗೂಡಿನ್ಯಾಗ ಇಡವಾ, ತಾವಾ ಹೊಂದ್ಕೋತಾವ. ಮನಷ್ಯಾರ ಹೊಂದ್ಕೊಳ್ಳೂದಿಲ್ಲೇನು?" ಅಂದರು, ನನ್ನ ಮುಖ ನೋಡಿ. ನೀವೂ ನಕ್ಕಿರಿ. ತವರಿನ ಬಾಣಂತನ ಮುಗೀತು, ಐದನೇ ತಿಂಗಳ ಈ ಗುರುವಾರ ತಾಯಿ ಮಗು ಮಾನ್ವಿಗೆ ಅಂತ ಹಿರಿಯರು ಕೂತಲ್ಲೇ ಗೊತ್ತು ಮಾಡಿದರು.

ಹೋದ ತಿಂಗಳು ಮೂರು ದಿನ ಗಿರಣಿ ಮಗ್ಗುಲಿನ ಆ ಖೋಲಿಯಲ್ಲಿದ್ದೆವು. ಕೂಸಿನ ಎದೆ ಸುಂಯ್ ಅಂದರೆ ನೀವು ಗೊರಕೆ ಅಂದಿರಿ. ನಿಮ್ಮ ಅವ್ವ ದೃಷ್ಟಿ ಅಂತ ಒಣಮೆಣಸಿನಕಾಯಿ ಇಳಿಸಿ ಅದರ ಮುಂದೆಯೇ ಸುಟ್ಟರು. ಉಸಿರು ಸಿಗದ ಕೂಸಿಗೆ ಮೆಣಸಿನಕಾಯಿ ಹೊಗೆ! ಧೂಳಿನ ಹತ್ತಿರ ಸುಳಿಯಬೇಡಿ ಅಂತ ಇಲ್ಲಿನ ಡಾಕ್ಟರು ಬರೆದ ಚೀಟಿಯನ್ನು ನೀವು ಮಡಚಿ ಜೇಬಿಗಿಟ್ಟಿರಿ. ಅಲ್ಲೇ ಇರಬೇಕು.

ಗಿರಣಿಯಿಂದ ದೂರ ಒಂದು ಖೋಲಿ ಹಿಡೀರಿ, ನಾನೇ ಬಸ್ ಹತ್ತಿ ಬರ್ತೀನಿ. ಅಲ್ಲಿಯತನಕ ಕೂಸನ್ನು ಕಳಿಸುವುದಿಲ್ಲ ಅಂತ ಬರೆಯಬಲ್ಲೆ, ಆದರೆ ನಮ್ಮಪ್ಪ ಹಿರಿಯರ ಮಾತು ಮೀರುವವರಲ್ಲ. ಬ್ಯಾಗು ಆಗಲೇ ಬಾಗಿಲಲ್ಲಿದೆ.

ಇಂತಿ,
ಸ್ವಪ್ನಾ

ಮರೆತ ಮಾತು: ರಾತ್ರಿ ಮಲಗುವ ಮುಂಚೆ ಎರಡನ್ನೂ ಒಂದೇ ಗೂಡಿಗೆ ಬಿಟ್ಟವಳು ನಾನೇ. ಓದಿದ್ದೆಲ್ಲ ಗೊತ್ತಿದ್ದೂ ಬಿಟ್ಟೆ. ಹಂಪಣ್ಣ ಮಾವನವರ ಮಾತೇ ಖರೇ ಆಗಲಿ, ಆಮೇಲೆ ನಾನೂ ಸುಮ್ಮನೆ ಹೊರಟುಬಿಡಬಹುದು ಅನ್ನಿಸಿತ್ತು. ಜರ್ಬೋವಾ ನನ್ನ ಮಡಿಲಲ್ಲಿದೆ, ಕಿವಿ ಹರಿದಿದೆ, ಉಸಿರು ಇನ್ನೂ ಇದೆ. ನಮ್ಮನ್ನು ಕರಕೊಂಡು ಹೋಗಲು ನಿಮ್ಮ ತಮ್ಮ ಹನುಮೇಶ ಐದಕ್ಕೆ ಮಾನ್ವಿಯಿಂದ ಗಾಡಿ ತೆಗೆಯುತ್ತಾನೆ. ಅವನನ್ನು ತಡೆಯಲು ನಿಮ್ಮೊಬ್ಬರಿಂದ ಮಾತ್ರ ಆಗುತ್ತದೆ. ಬೈಯಾಕಾದರೂ ಸರಿ, ಬೆಳಗಾಗೂದರೊಳಗ ಫೋನ್ ಮಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಮಾಡ್ರಿ.